ಐದು ದಾರದ ಕೊಡ

೨೦೧೯ನೆಯ ಇಸವಿ, ಫೆಬ್ರುವರಿ ಹನ್ನೆರಡು, ಮಂಗಳವಾರ. ಮುಂಜಾನೆ ಚಳಿ ಇತ್ತು. ಹತ್ತರ ಹೊತ್ತಿಗೆ ಬಿಸಿಲು ಚುರುಕಾಯಿತು. ಆಕಾಶದಲ್ಲಿ ತುಣುಕು ಮೋಡವೂ ಇರಲಿಲ್ಲ.

“ಸರ್, ಇನ್ನ ಎಷ್ಟು ಬಣ್ಣ ಸೇರಿಸಿದ್ರ ಇದು ದುಂಡಗ ಕಾಣತೈತಿ?” ಎಂದು ಕಸ್ತೂರಿ ಕೇಳಿದಳು.

ಕಸ್ತೂರಿಗೆ ಮೂವತ್ತೊಂದು ವರ್ಷ. ಊರಿನ ಫೋಟೋ ಸ್ಟುಡಿಯೋ ಒಂದರಲ್ಲಿ ಹತ್ತು ವರ್ಷ ಮದುವೆಯ ಫೋಟೋಗಳನ್ನು ತಿದ್ದಿದವಳು. ಆರು ತಿಂಗಳಿಂದ ಚಿತ್ರಗಾರ ಮಾಸ್ತರರ ಬಳಿ ಪಿಕ್ಸೆಲ್ ಚಿತ್ರ ಕಲಿಯುತ್ತಿದ್ದಳು. ಈ ಚಿತ್ರದಲ್ಲಿ ಗೆರೆ ಎಳೆಯುವಂತಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಿರುತ್ತವೆ; ಒಂದು ಚೌಕಕ್ಕೆ ಒಂದೇ ಬಣ್ಣ. ಚೌಕದ ಪಕ್ಕ ಚೌಕ ತುಂಬಿ ಮನೆಯನ್ನೂ ಮರವನ್ನೂ ಮನುಷ್ಯನ ಮುಖವನ್ನೂ ಮಾಡಬೇಕು. ಮೊಬೈಲಿನ ಆಟಗಳನ್ನು ತಯಾರಿಸುವವರು ಇಂಥ ಚಿತ್ರಗಳನ್ನು ಬರೆಸಿಕೊಳ್ಳುತ್ತಾರೆ. ಮಾಸ್ತರರು ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು. ನಿವೃತ್ತರಾದ ಮೇಲೆ ಇದನ್ನು ತಾವೇ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಜನರಿಗೆ ಕಲಿಸುತ್ತಿದ್ದರು.

ಪರದೆಯ ಮೇಲೆ ಒಂದು ಬದನೆಕಾಯಿ ಇತ್ತು. ಅಗಲಕ್ಕೆ ಮೂವತ್ತೆರಡು ಚೌಕ, ಉದ್ದಕ್ಕೆ ಮೂವತ್ತೆರಡು ಚೌಕ. ಅಷ್ಟರೊಳಗೆ ಅವಳು ನಲವತ್ತಾರು ಬಣ್ಣ ಹಾಕಿದ್ದಳು. ನೇರಳೆಗೆ ಸ್ವಲ್ಪ ಸ್ವಲ್ಪವೇ ಕಪ್ಪು ಸೇರಿಸುತ್ತ ಸುತ್ತಲಿನ ಅಂಚನ್ನು ಕಡುವಾಗಿಸಿದ್ದಳು. ಸ್ವಲ್ಪ ಸ್ವಲ್ಪವೇ ಬಿಳಿ ಸೇರಿಸುತ್ತ ನಡುವನ್ನು ತಿಳಿಯಾಗಿಸಿದ್ದಳು. ಹನ್ನೊಂದು ದಿನದ ಕೆಲಸ. ಇಷ್ಟು ನಯವಾಗಿ ಬಣ್ಣ ಇಳಿಸಿದವರು ತರಗತಿಯಲ್ಲಿ ಬೇರೆ ಯಾರೂ ಇಲ್ಲವೆಂದು ಅವಳಿಗೆ ಹೆಮ್ಮೆ ಇತ್ತು. ಆ ಹೆಮ್ಮೆಯಿಂದಲೇ ಅದನ್ನು ಆಟ ತಯಾರಿಸುವವರಿಗೆ ಕಳಿಸಿದ್ದಳು. ಅವರು ಒಂದು ಸಾಲಿನಲ್ಲಿ ಉತ್ತರ ಬರೆದಿದ್ದರು: ‘ಕೊಳೆಯಾಗಿ, ಚಪ್ಪಟೆಯಾಗಿ ಕಾಣುತ್ತದೆ; ಬೇಕಾದರೆ ಇನ್ನೊಮ್ಮೆ ಮಾಡಿ ಕಳಿಸಿ.’

ಮಾಸ್ತರರು ಕನ್ನಡಕ ಮೇಲೇರಿಸಿ ನೋಡಿದರು.

“ಇದನ್ನ ಯಾವಾಗ ಸುಟ್ಟಿ, ತಂಗಿ?”

“ಸುಟ್ಟಿಲ್ಲ ಸರ್. ಅದು ನೆರಳು.”

“ಹೌದಾ? ನಾ ಎಲ್ಲೋ ಗೊಜ್ಜು ಮಾಡಾಕ ಇಟ್ಟೀಯೇನೋ ಅಂದ್ಕೊಂಡೆ.”

ಉಳಿದ ಮೂವರು ನಕ್ಕರು. ಕಸ್ತೂರಿ ನಗಲಿಲ್ಲ. ಮಾಸ್ತರರೂ ನಗು ನಿಲ್ಲಿಸಿ, ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಜಮಖಾನೆ ನೇಯುವವರು ಇದ್ದರು. ಅವರು ಜಮಖಾನೆಯ ಮೇಲೆ ಚಿತ್ರ ಬರೆಯುತ್ತಿರಲಿಲ್ಲ, ಎಣಿಸುತ್ತಿದ್ದರು. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಕೂಡಿದಲ್ಲಿ ಒಂದು ಚೌಕ. ಇಷ್ಟು ಚೌಕ ಕೆಂಪು, ಇಷ್ಟು ಚೌಕ ಹಳದಿ ಎಂದು ಎಣಿಸಿಕೊಂಡೇ ನವಿಲು ಮಾಡುತ್ತಿದ್ದರು, ತಾವರೆ ಮಾಡುತ್ತಿದ್ದರು. ಆ ಬಟ್ಟೆಯಲ್ಲಿ ಓರೆ ಗೆರೆ ಎಂಬುದು ಮೆಟ್ಟಿಲಾಗುತ್ತದೆ. ದುಂಡು ಎಂಬುದು ಇಲ್ಲವೇ ಇಲ್ಲ. ಇಲ್ಲದ ದುಂಡನ್ನು ಇದೆ ಎನ್ನಿಸುವುದೇ ಅವರ ಕಸುಬು.

ಆ ನೇಕಾರರಿಗೆ ಒಂದು ಕಟ್ಟೆಮನೆ ಇತ್ತು. ನ್ಯಾಯ, ಮಾತುಕತೆ, ಮದುವೆಯ ನಿಶ್ಚಯ ಎಲ್ಲವೂ ಅಲ್ಲೇ ನಡೆಯುತ್ತಿದ್ದವು. ಕಸುಬು ಕಲಿತವನು ಒಂದು ಜಮಖಾನೆ ನೇಯ್ದು ತಂದು ಅಲ್ಲಿ ಹಾಸಬೇಕು ಎಂಬುದು ಅಲ್ಲಿಯ ಪದ್ಧತಿ. ಅದರ ನಟ್ಟನಡುವೆ ಅವನ ಮನೆಯದೇ ಒಂದು ದುಂಡನೆಯ ವಸ್ತು ಇರಬೇಕು. ಏಳು ಜನ ಹಿರಿಯರು ಬಂದು ಸುತ್ತ ನಿಂತು ನೋಡುತ್ತಾರೆ. ಒಪ್ಪಿದರೆ ಅದರ ಮೇಲೆ ಕುಳಿತುಕೊಳ್ಳುತ್ತಾರೆ. ಎಲ್ಲರಿಗಿಂತ ಹಿರಿಯ ನಡುವೆ, ಉಳಿದವರು ಸುತ್ತ. ಒಪ್ಪದಿದ್ದರೆ ಏನೂ ಹೇಳದೆ ಮಡಿಚಿ ಅವನ ಕೈಗೆ ಕೊಡುತ್ತಾರೆ.

ಅವರು ಕುಳಿತರೆ ಅಂದಿನಿಂದ ಅವನು ಚಿತ್ರ ನೇಯಬಹುದು. ತಾನು ನೇಯ್ದದ್ದರ ಅಂಚಿಗೆ ತನ್ನ ಗುರುತು ಹಾಕಬಹುದು. ಮೂರು ಸಲ ಮಡಿಚಿ ಕೊಟ್ಟರೆ ಮುಗಿಯಿತು. ಬದುಕಿರುವ ತನಕ ಅವನು ಪಟ್ಟೆಯ ಜಮಖಾನೆ ನೇಯಬೇಕು. ಪಟ್ಟೆ ನೇಯುವುದೂ ಕೆಲಸವೇ, ಅದರಿಂದಲೂ ಹೊಟ್ಟೆ ತುಂಬುತ್ತದೆ. ಆದರೆ ಪಟ್ಟೆ ನೇಯ್ದವನು ಯಾರೆಂದು ಯಾರೂ ಕೇಳುವುದಿಲ್ಲ.

ಆ ಊರಿನಲ್ಲಿ ಒಬ್ಬ ನೇಕಾರ ಇದ್ದ. ಅವನ ಕೈ ಚುರುಕು, ಎಣಿಕೆ ತಪ್ಪದು, ಅಂಚು ದಾರ ಹಿಡಿದಷ್ಟು ನೇರ. ಅದು ಅವನಿಗೂ ಗೊತ್ತಿತ್ತು. ಬೀದಿಯಲ್ಲಿ ಅವನು ನಡೆಯುವ ರೀತಿಯಲ್ಲೇ ಅದು ಕಾಣುತ್ತಿತ್ತು. ಅವನು ತನ್ನ ಮನೆಯ ಹಿತ್ತಾಳೆ ಕೊಡವನ್ನು ಆರಿಸಿಕೊಂಡ. ಅವನ ತಾಯಿ ನೀರು ಹೊತ್ತ ಕೊಡ ಅದು. ಈಗ ಹೆಂಡತಿ ಹೊರುತ್ತಿದ್ದಳು.

ಮೊದಲನೆಯ ಸಲ ಅವನು ಎರಡೇ ತಿಂಗಳಲ್ಲಿ ನೇಯ್ದು ಮುಗಿಸಿದ. ಅಂಚೆಂದರೆ ಅವನಿಗೆ ಪ್ರಾಣ. ಆದ್ದರಿಂದ ಕೊಡದ ಅಂಚಿಗೆ ಸುತ್ತಲೂ ಒಂದೇ ಸಮನೆ ಕಡು ಬಣ್ಣ ಕೊಟ್ಟ, ಒಳಗೆ ಬಂದಂತೆ ತಿಳಿ ಮಾಡಿದ, ನಟ್ಟನಡುವೆ ಬಿಳಿ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ, ಮೇಲೆ ಎಷ್ಟೋ ಕೆಳಗೂ ಅಷ್ಟೇ. ಎಣಿಕೆಯಲ್ಲಿ ಒಂದು ಚೌಕದ ತಪ್ಪಿರಲಿಲ್ಲ.

ಕಟ್ಟೆಮನೆಯ ಹಿರಿಯಜ್ಜನಿಗೆ ಎಂಬತ್ತು ದಾಟಿತ್ತು. ಮೂವತ್ತು ವರ್ಷದಿಂದ ಜಮಖಾನೆಯ ನಡುವೆ ಕೂರುತ್ತಿದ್ದವನು ಅವನೇ. ಒಂದು ಸುತ್ತು ಬಂದು ಕೋಲೂರಿ ನಿಂತು ಕೇಳಿದ:

“ಇದು ಕೊಡವೇನೋ, ತಲೆದಿಂಬೇನೋ?”

“ಕೊಡ ಅಜ್ಜಾ.”

“ತಲೆದಿಂಬು ಅಂದಿದ್ರ ಚಲೋ ಇತ್ತು. ಮಲಗಿಬಿಡತಿದ್ದೆ.”

ಮಡಿಚಿ ಕೈಗೆ ಕೊಟ್ಟರು.

ನೇಕಾರ ಮನೆಗೆ ಬಂದು ಮೂರು ದಿನ ಮಗ್ಗದ ಹತ್ತಿರ ಹೋಗಲಿಲ್ಲ. ನಾಲ್ಕನೆಯ ದಿನ ಕೊಡವನ್ನು ತಂದು ಮಗ್ಗದ ಮುಂದೆ ಒಂದು ಮಣೆಯ ಮೇಲಿಟ್ಟ. ಇನ್ನು ಊಹೆಯಿಂದ ನೇಯುವುದಿಲ್ಲ, ಕಣ್ಣಿಗೆ ಕಂಡದ್ದನ್ನೇ ನೇಯುತ್ತೇನೆ ಎಂದುಕೊಂಡ. ಬಣ್ಣ ಹಾಕುವ ಮುದುಕಿಯ ಹತ್ತಿರ ಹೋಗಿ ಹೇಳಿದ: “ಹಳದಿಗೆ ಒಂದು ಚಿಟಿಕೆ ಮಸಿ ಹಾಕಿ ಒಂದು ಲಡಿ, ಎರಡು ಚಿಟಿಕೆ ಹಾಕಿ ಒಂದು ಲಡಿ. ಹಿಂಗ ನಲವತ್ತು ಲಡಿ ಬೇಕು.” ಮುದುಕಿ ಅವನ ಮುಖ ನೋಡಿದಳು. ನಲವತ್ತು ಲಡಿ ದಾರ ಅದ್ದಿ ಕೊಟ್ಟಳು. ಆ ಊರಿನ ಯಾವ ಮಗ್ಗದ ಮುಂದೆಯೂ ಅಷ್ಟು ಬಣ್ಣ ಒಟ್ಟಿಗೆ ತೂಗಿದ್ದಿಲ್ಲ. ಬಂದವರಿಗೆಲ್ಲ ಅವನು ಅದನ್ನು ತೋರಿಸಿದ.

ಅವನು ಬೆಳಗಿನಿಂದ ಸಂಜೆಯ ತನಕ ನೇಯ್ದ. ತಲೆ ಎತ್ತುವುದು, ಕೊಡ ನೋಡುವುದು, ದಾರ ಆರಿಸುವುದು, ಎಣಿಸುವುದು. ಮಗ್ಗದಲ್ಲಿ ನೇಯ್ದ ಬಟ್ಟೆ ಅಲ್ಲಲ್ಲೇ ದಿಂಡಿಗೆ ಸುತ್ತಿಕೊಳ್ಳುತ್ತದೆ. ನೇಯುವವನ ಕಣ್ಣ ಮುಂದೆ ಒಂದು ಗೇಣು ಮಾತ್ರ ಇರುತ್ತದೆ. ಆ ಒಂದು ಗೇಣಿನಲ್ಲಿ ಅವನಿಗೆ ತಪ್ಪು ಕಾಣಲಿಲ್ಲ. ಪೂರ್ತಿ ಚಿತ್ರವನ್ನು ಅವನು ಮೊದಲು ನೋಡಿದ್ದು ಕಟ್ಟೆಮನೆಯಲ್ಲಿ, ಎಲ್ಲರ ಜೊತೆಗೆ.

ಹಾಸಿದ ಕೂಡಲೇ ಅವನಿಗೇ ತಪ್ಪು ಕಂಡಿತು. ಅವನ ಮನೆಗೆ ಮೂಡಲಕ್ಕೆ ಬಾಗಿಲು, ಪಡುವಲಕ್ಕೆ ಕಿಟಕಿ. ಬೆಳಿಗ್ಗೆ ನೇಯ್ದ ಸಾಲುಗಳಲ್ಲಿ ನೆರಳು ಕೊಡದ ಒಂದು ಮಗ್ಗುಲಿಗಿತ್ತು, ಮಧ್ಯಾಹ್ನದ ಮೇಲೆ ನೇಯ್ದ ಸಾಲುಗಳಲ್ಲಿ ಇನ್ನೊಂದು ಮಗ್ಗುಲಿಗೆ. ನಾಲ್ಕು ಬೆರಳಿಗೊಮ್ಮೆ ಬೆಳಕು ಆಚೆಯಿಂದ ಈಚೆಗೆ ಹಾರಿತ್ತು. ಕೊಡ ಎರಡೂ ಕಡೆ ನೆಗ್ಗಿ ಹೋಗಿತ್ತು. ನಲವತ್ತು ಬಣ್ಣವೂ ಸೇರಿ ಅದರ ಮೇಲೆ ಒಲೆಯ ಹೊಗೆಯಂತೆ ಕೂತಿದ್ದವು.

“ಯಾರ ಮನಿ ಜಗಳದಾಗ ಒಗದಿದ್ದೋ ಇದನ್ನ?” ಎಂದ ಹಿರಿಯಜ್ಜ.

ಇನ್ನೊಬ್ಬ ಹಿರಿಯ ಬಗ್ಗಿ ನೋಡಿದ. “ನೆಗ್ಗಿದ್ದು ಇರಲಿ. ಮೊದಲ ಹುಣಸೇಹಣ್ಣು ಹಚ್ಚಿ ತಿಕ್ಕು ಅನ್ರಿ.”

ಬಾಗಿಲಲ್ಲಿ ನಿಂತ ಹೆಂಗಸರೂ ನಕ್ಕರು. ಮಡಿಚಿ ಕೈಗೆ ಕೊಟ್ಟರು. ಅವನಿಗೆ ಉಳಿದದ್ದು ಒಂದೇ ಸಲ.

ನೇಕಾರ ಕಟ್ಟೆಮನೆಯಿಂದ ನೆಟ್ಟಗೆ ಬಣ್ಣದ ಮುದುಕಿಯ ಅಂಗಳಕ್ಕೆ ಹೋದ. ಜಮಖಾನೆ ಇನ್ನೂ ಹೆಗಲ ಮೇಲೇ ಇತ್ತು.

“ನಲವತ್ತು ಸಾಲಲಿಲ್ಲ ಆಯಿ. ಎಂಬತ್ತು ಮಾಡಿ ಕೊಡು,” ಎಂದ.

ಮುದುಕಿ ಹಂಡೆಯೊಳಗಿನ ದಾರವನ್ನು ಕೋಲಿನಿಂದ ತಿರುವುತ್ತಿದ್ದಳು. ಮೊಣಕೈ ತನಕ ಅವಳ ಕೈ ನೀಲಿಯಾಗಿತ್ತು. ತಿರುವುವುದನ್ನು ನಿಲ್ಲಿಸದೆ ಹೇಳಿದಳು: “ಎಂಬತ್ತಾದ್ರೂ ಮಾಡತೀನಿ, ನೂರಾದ್ರೂ ಮಾಡತೀನಿ. ನಿನ್ನ ಕೊಡದಾಗ ನೆರಳಿಲ್ಲಪಾ. ಮಸಿ ಐತಿ.”

“ನೆರಳು ಅಂದ್ರ ಕಪ್ಪ ಅಲ್ಲೇನು?”

ಅವಳು ಕೋಲು ಬಿಟ್ಟು ಅವನನ್ನು ಅಂಗಳದ ಮೂಲೆಗೆ ಕರೆದುಕೊಂಡು ಹೋದಳು. ಅರಿಶಿನದ ನೀರಲ್ಲಿ ಅದ್ದಿದ ದಾರದ ದಪ್ಪ ಲಡಿಗಳು ಗಳುವಿನ ಮೇಲೆ ಒಣಗುತ್ತಿದ್ದವು. ಒಂದು ಕಡೆಯಿಂದ ಬಿಸಿಲು ಬೀಳುತ್ತಿತ್ತು.

“ಆ ಲಡೀದು ನೆರಳಿನ ಮಗ್ಗಲು ಯಾವ ಬಣ್ಣ ಐತಿ, ಹೇಳು.”

“ಕಪ್ಪು ಹಳದಿ.”

“ನೆನಪಿಲೆ ಹೇಳಬ್ಯಾಡ. ನೋಡಿ ಹೇಳು.”

ಅವನಿಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ದಾರ ಹಿಡಿದವನು ತಾನು. ಆದರೂ ನೋಡಿದ. ಬಿಸಿಲು ನೇರ ಬಿದ್ದಲ್ಲಿ ಹಳದಿ ಬೆಣ್ಣೆಯಷ್ಟು ಬೆಳ್ಳಗಿತ್ತು. ಅದರ ಪಕ್ಕಕ್ಕೆ ಅರಿಶಿನ. ಲಡಿ ತಿರುಗುವಲ್ಲಿ ಅರಿಶಿನ ಕೇಸರಿಯಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಇಟ್ಟಿಗೆಯ ಕೆಂಪು. ಬೆಳಕು ಪೂರ್ತಿ ಬಿಟ್ಟುಹೋದ ತಳದಲ್ಲಿ ನೇರಳೆಯಂಥ ಏನೋ ಒಂದು ಬಣ್ಣ, ಮೇಲಿನ ಆಕಾಶ ಬಂದು ಅಲ್ಲಿ ಕೂತಿದ್ದ ಹಾಗೆ. ಅವನು ತುಂಬಾ ಹೊತ್ತು ಹುಡುಕಿದ. ಕಪ್ಪು ಎಲ್ಲೂ ಸಿಗಲಿಲ್ಲ.

“ಬಣ್ಣ ಕತ್ತಲಿಗೆ ಹೋಗೂ ಮುಂದ ತನ್ನ ಮನೀ ಬಿಟ್ಟು ಇನ್ನೊಂದು ಮನೀಗೆ ಹೋಗತೈತಿ,” ಎಂದಳು ಮುದುಕಿ. “ನೀ ಅದನ್ನ ಅದರ ಮನ್ಯಾಗ ಕೂಡಿ ಹಾಕಿ ಮುಖಕ್ಕ ಮಸಿ ಬಳದಿ.”

“ಮತ್ತ ಅವತ್ತು ಯಾಕ ಹೇಳಲಿಲ್ಲ?”

“ಅವತ್ತು ನೀ ಕೇಳಾಕ ಬಂದಿರಲಿಲ್ಲ, ಕೊಳ್ಳಾಕ ಬಂದಿದ್ದಿ.”

ಅವಳು ಒಳಗೆ ಹೋಗಿ ಐದು ಲಡಿ ತಂದಳು. ಬೆಣ್ಣೆಯ ಬಣ್ಣ, ಅರಿಶಿನ, ಕೇಸರಿ, ಇಟ್ಟಿಗೆಗೆಂಪು, ಕಡು ನೇರಳೆ. ಅವನು ಆರನೆಯದಕ್ಕಾಗಿ ಕೈ ಚಾಚಿಯೇ ನಿಂತಿದ್ದ. ಅವಳು ಕೊಡಲಿಲ್ಲ. ಬದಲಿಗೆ ಕೇಳಿದಳು:

“ನಿನ್ನ ಕೊಡಕ್ಕ ಸೂರ್ಯ ಯಾವ ದಿಕ್ಕಿಗಿದ್ದಾನ?”

“ಮುಂಜಾನೆ ಮೂಡಲಕ್ಕ. ಸಂಜಿಗೆ ಪಡುವಲಕ್ಕ.”

“ಹಂಗಾರ ಅವು ಎರಡು ಕೊಡ. ಒಂದು ನೇಯಿ,” ಎಂದು ಹೇಳಿ ಹಂಡೆಯ ಕಡೆಗೆ ಹೋದಳು.

ನೇಕಾರ ಮನೆಗೆ ಬಂದು ಪಡುವಲ ಕಿಟಕಿಗೆ ಗೋಣಿಚೀಲ ಬಡಿದ. ಆದರೂ ಮಧ್ಯಾಹ್ನವಾದ ಮೇಲೆ ಕೋಣೆಯಲ್ಲಿ ಬರೀ ಮಂಕು ಬೆಳಕು ಉಳಿಯುತ್ತಿತ್ತು. ಕೊಡಕ್ಕೆ ಬಿಸಿಲಿನ ಮಗ್ಗುಲು, ನೆರಳಿನ ಮಗ್ಗುಲು ಎಂಬುದೇ ಇರುತ್ತಿರಲಿಲ್ಲ. ಕಡೆಗೆ ಅವನು ಒಂದು ನಿರ್ಧಾರ ಮಾಡಿದ. ಬೆಳಿಗ್ಗೆ ಬಾಗಿಲಿಂದ ಬಿಸಿಲು ಬಂದು ಕೊಡದ ನೆರಳು ನೆಲದ ಮೇಲೆ ಬೀಳುವ ಜಾಗದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದ. ನೆರಳು ಗೆರೆಗೆ ಬಂದಾಗ ಮಗ್ಗಕ್ಕೆ ಕೂತ. ಗೆರೆ ಬಿಟ್ಟು ಸರಿದಾಗ ಎದ್ದ. ದಿನಕ್ಕೆ ಒಂದು ತಾಸೂ ಸಿಗುತ್ತಿರಲಿಲ್ಲ.

ಜಮಖಾನೆಯ ಒಂದು ಸಾಲು ಎಂದರೆ ಈ ಅಂಚಿನಿಂದ ಆ ಅಂಚಿನವರೆಗೆ. ಕೊಡ ಬಿಟ್ಟು ಅದರ ಸುತ್ತಲಿನ ಖಾಲಿ ನೆಲವನ್ನಷ್ಟೇ ಮುಂದೆ ನೇಯುತ್ತೇನೆ ಎಂದರೆ ಆಗುವುದಿಲ್ಲ. ಆದ್ದರಿಂದ ಅವನು ಎದ್ದರೆ ಮಗ್ಗವೂ ನಿಂತಿತು. ಮಧ್ಯಾಹ್ನದ ಹೊತ್ತು ಅವನು ಹೆಂಡತಿಯ ಮಗ್ಗದಲ್ಲಿ ಕೂತು ಮಾರಾಟದ ಪಟ್ಟೆ ನೇಯ್ದ. ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ಇಣುಕಿ ಕೇಳುತ್ತಿದ್ದರು:

“ಏನೋ, ಈಗಿಂದನ ಪಟ್ಟೆ ರೂಢಿ ಮಾಡ್ಕೊಳ್ಳಾಕತ್ತೀಯೇನು?”

ಅವನು ಮೊದಮೊದಲು ಉರಿದು ಬೀಳುತ್ತಿದ್ದ. ಆಮೇಲೆ ಉತ್ತರ ಕೊಡುವುದನ್ನೇ ಬಿಟ್ಟ. ಹೆಂಡತಿ ಒಂದು ದಿನ ಹೇಳಿದಳು: “ಬಾಗಲಾ ಮುಚ್ಚಿ ನೇಯಿರಿ. ನಗತಾರ.” ಅವನು ಹೇಳಿದ: “ಬಾಗಲಾ ಮುಚ್ಚಿದ್ರ ಬೆಳಕು ಎಲ್ಲಿಂದ ಬರಬೇಕು? ನಗೋರು ನಗಲಿ.”

ಕೊಡವನ್ನು ಅವನು ದಿನಾ ಬೆಳಿಗ್ಗೆ ಹುಣಸೇಹಣ್ಣು ಹಚ್ಚಿ ತಾನೇ ತಿಕ್ಕುತ್ತಿದ್ದ. ಮಣೆಯ ಮೇಲೆ ಹಿಂದಿನ ದಿನದ ಗುರುತಿಗೇ ಇಡುತ್ತಿದ್ದ. ತಿಂಗಳು ಕಳೆದಂತೆ ಸೂರ್ಯ ಸರಿದರೆ ಅವನೂ ಮಣೆ ಸರಿಸಿ ನೆರಳನ್ನು ಗೆರೆಗೆ ತಂದುಕೊಳ್ಳುತ್ತಿದ್ದ. ಮೋಡ ಕವಿದ ದಿನ ಮಗ್ಗದ ಮೇಲೆ ಬಟ್ಟೆ ಮುಚ್ಚಿ ಸುಮ್ಮನಿರುತ್ತಿದ್ದ. ಮಳೆಗಾಲದಲ್ಲಿ ಆ ಬಟ್ಟೆ ಎರಡು ತಿಂಗಳು ತೆಗೆಯಲಿಲ್ಲ.

ಐದು ದಾರದಲ್ಲಿ ನೇಯುವುದು ನಲವತ್ತರಲ್ಲಿ ನೇಯುವುದಕ್ಕಿಂತ ಕಷ್ಟವೆಂದು ಅವನಿಗೆ ಆಗ ತಿಳಿಯಿತು. ನಲವತ್ತು ಇದ್ದಾಗ ಒಂದರ ತಪ್ಪನ್ನು ಪಕ್ಕದ್ದು ಮುಚ್ಚುತ್ತಿತ್ತು. ಐದರಲ್ಲಿ ಮುಚ್ಚಲು ಯಾರೂ ಇಲ್ಲ. ಅರಿಶಿನ ಮುಗಿದು ಕೇಸರಿ ಶುರುವಾಗುವ ಚೌಕ ಒಂದು ಆಚೆ ಹೋದರೆ ಕೊಡದ ಹೊಟ್ಟೆ ಒಳಗೆ ಹೋಗುತ್ತಿತ್ತು. ಒಂದು ಈಚೆ ಬಂದರೆ ಉಬ್ಬುತ್ತಿತ್ತು. ಒಂದು ಸಾಲು ನೇಯ್ದು ಎದ್ದು, ಬಾಗಿಲ ತನಕ ಹಿಂದಕ್ಕೆ ನಡೆದು, ಅಲ್ಲಿಂದ ನೋಡಿ ಬರುತ್ತಿದ್ದ. ಸರಿ ಕಾಣದಿದ್ದರೆ ಬಿಚ್ಚುತ್ತಿದ್ದ.

ಕೊಡದ ಹೆಗಲಿನ ಹತ್ತಿರ ಬಂದಾಗ ಬಿಸಿಲು ಹೊಳೆಯುವ ಜಾಗ ಬಂತು. ಬೆಣ್ಣೆಯ ಬಣ್ಣದ ದಾರ ತೆಗೆದು ಮೂರು ಚೌಕ ಇಟ್ಟ. ಬಾಗಿಲಿಗೆ ಹೋಗಿ ನೋಡಿದರೆ ಕೊಡಕ್ಕೆ ಸುಣ್ಣ ಮೆತ್ತಿದ ಹಾಗಿತ್ತು. ಬಿಚ್ಚಿ ಎರಡು ಇಟ್ಟ. ಅದೂ ಸುಣ್ಣವೇ. ಮರುದಿನ ಬಿಚ್ಚಿ ಒಂದು ಇಟ್ಟ. ಬಾಗಿಲಿಗೆ ಹೋಗಿ ತಿರುಗಿದ. ಅಷ್ಟು ದೂರದಿಂದ ಆ ಒಂದು ಚೌಕ ಬಿಸಿಲು ಬಿದ್ದ ಹಿತ್ತಾಳೆಯಂತೆ ಹೊಳೆದು ಅವನ ಕಣ್ಣಿಗೆ ಚುಚ್ಚಿತು. ಅವನು ಅಲ್ಲೇ ಹೊಸ್ತಿಲ ಮೇಲೆ ಕುಳಿತ. ಹೆಂಡತಿ ಬಂದು ಏನಾಯಿತೆಂದು ಕೇಳಿದಳು. ಏನೂ ಇಲ್ಲ, ರೊಟ್ಟಿ ಹಾಕು ಎಂದ.

ಕೊಡದ ನೆರಳಿನ ಮಗ್ಗುಲಿಗೆ ಹಾಕಿದ್ದ ಕಡು ನೇರಳೆ ದಾರವನ್ನೇ ಅವನು ಕೊಡ ನೆಲಕ್ಕೆ ಚೆಲ್ಲಿದ ನೆರಳಿಗೂ ಹಾಕಿದ್ದ. ಬೇರೆ ದಾರ ಇರಲಿಲ್ಲ, ಅದಕ್ಕೇ ಹಾಕಿದ. ಆ ಒಂದು ದಾರದಿಂದ ಕೊಡ ನೆಲಕ್ಕೆ ಕೂತಿತ್ತು.

ನೇಯ್ದು ಮುಗಿಯಲು ಎಂಟು ತಿಂಗಳಾಯಿತು. ಅಂಚಿನ ಮೂಲೆಯಲ್ಲಿ ಗುರುತಿಗೆಂದು ಅವನು ಒಂದು ಬೆರಳಿನಷ್ಟು ಜಾಗ ಖಾಲಿ ಬಿಟ್ಟ. ಒಪ್ಪಿಗೆಗೆ ಮೊದಲೇ ಜಾಗ ಬಿಡುವುದು ಆ ಊರಿನ ರೂಢಿಯಲ್ಲ. ಹೆಂಡತಿ ಅದನ್ನು ನೋಡಿದಳು, ಅವನ ಮುಖ ನೋಡಿದಳು.

ಹಾಸುವ ದಿನ ಕಟ್ಟೆಮನೆ ತುಂಬಿತ್ತು. ಮೂರನೆಯ ಸಲ ಎಂದರೆ ಜನ ಸೇರುತ್ತಾರೆ. ನೇಕಾರ ಜಮಖಾನೆಯನ್ನು ಬಿಚ್ಚಿ ಹಾಸಿ ಕಂಬದ ಪಕ್ಕ ನಿಂತ. ತಲೆ ತಗ್ಗಿಸಲಿಲ್ಲ. ಈ ಸಲ ಮಡಿಚಿ ಕೊಟ್ಟರೆ ಪಟ್ಟೆಯೇ ಗತಿ ಎಂದು ಅವನಿಗೆ ಗೊತ್ತಿತ್ತು. ಆದರೆ ನೆರಳು ಗೆರೆ ಬಿಟ್ಟ ಮೇಲೆ ಒಂದೆಳೆಯನ್ನೂ ತಾನು ನೇಯ್ದಿಲ್ಲ ಎಂಬುದೂ ಗೊತ್ತಿತ್ತು. ಆ ತಿಳಿವಳಿಕೆ ಅವನ ಬೆನ್ನನ್ನು ನೆಟ್ಟಗೆ ಹಿಡಿದಿತ್ತು.

ಹಿರಿಯರು ಸುತ್ತ ನಿಂತರು. ನಗುವುದಕ್ಕೆಂದು ಬಂದವರು ಹಿರಿಯಜ್ಜನ ಬಾಯಿ ನೋಡುತ್ತ ಕಾದರು. ಹಿರಿಯಜ್ಜ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಆಮೇಲೆ ಚಪ್ಪಲಿ ಬಿಟ್ಟು ಜಮಖಾನೆಯ ಮೇಲೆ ಕಾಲಿಟ್ಟ. ನಡುವಿನ ತನಕ ನಡೆದ. ಅಲ್ಲಿ ಸ್ವಲ್ಪ ಓರೆಯಾಗಿ ಹೆಜ್ಜೆ ಹಾಕಿ, ನಡುವಿನಿಂದ ಒಂದು ಮೊಳ ಆಚೆ, ಕೋಲೂರಿ ಕುಳಿತ.

ಹಿರಿಯ ನಡುವೆ ಕೂರದಿದ್ದರೆ ಅದು ಕೂತ ಲೆಕ್ಕವಲ್ಲ.

ಪಕ್ಕದಲ್ಲಿದ್ದವನು ಮೆಲ್ಲಗೆ ಹೇಳಿದ: “ಅಜ್ಜಾ, ನಡುವ ಕುಂದರಬೇಕು.”

“ಹೆಂಗ ಕುಂದರಲೋ? ಅಲ್ಲಿ ಕೊಡ ಐತಲ್ಲ,” ಎಂದ ಹಿರಿಯಜ್ಜ. “ಯಾರರೆ ಎತ್ತಿ ಬಾಜು ಇಡ್ರಿ ಅದನ್ನ.”

ಎತ್ತಲು ಯಾರೂ ಬರಲಿಲ್ಲ. ಹಿರಿಯಜ್ಜ ಎಲ್ಲರ ಮುಖ ನೋಡಿದ. ಆಮೇಲೆ ಕೈ ಚಾಚಿ ಕೊಡದ ಮೇಲಿಟ್ಟ. ಅಂಗೈ ನೆಲಕ್ಕೆ ಹೋಗಿ ತಾಗಿತು. ಅವನು ಕೈ ತೆಗೆಯಲಿಲ್ಲ. ಹೆಗಲಿನ ಮೇಲೆ, ಹೊಟ್ಟೆಯ ಮೇಲೆ, ನೆಲದ ನೆರಳಿನ ಮೇಲೆ ಬೆರಳಾಡಿಸಿದ. ಎಲ್ಲ ಕಡೆಯೂ ಒಂದೇ ಸಮ ಬಟ್ಟೆ. ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಹಿರಿಯಜ್ಜ ನಗಲಿಲ್ಲ. ಕುಳಿತಲ್ಲಿಂದ ಏಳಲೂ ಇಲ್ಲ.

“ನನಗ ಇಲ್ಲೇ ಚಲೋ ಐತಿ,” ಎಂದ. “ನೀವೂ ಕೂಡ್ರಿ. ಕೊಡಕ್ಕ ಕಾಲು ತಾಗಸಬ್ಯಾಡ್ರಿ.”

ಉಳಿದ ಆರು ಜನ ಹಿರಿಯರೂ ಕುಳಿತರು. ನೇಕಾರ ಅವರ ಎದುರಿಗೆ ಮೂಲೆಯಲ್ಲಿ ಕೂತು, ಖಾಲಿ ಬಿಟ್ಟ ಜಾಗದಲ್ಲಿ ಸೂಜಿಯಿಂದ ತನ್ನ ಗುರುತು ಹಾಕಿದ. ಬಣ್ಣದ ಮುದುಕಿ ಹೆಂಗಸರ ನಡುವೆ ನಿಂತಿದ್ದಳು. ಮನೆಗೆ ಹೋಗುವಾಗ ಪಕ್ಕದವಳಿಗೆ ಹೇಳಿದಳು: “ಆ ಇಟ್ಟಿಗೆಗೆಂಪು ನಂದು.”

ಮಾಸ್ತರರು ಕತೆ ನಿಲ್ಲಿಸಿದರು. ಕಸ್ತೂರಿ ಕೇಳಿದಳು:

“ಅವಗ ಏನ್ ಕೊಟ್ರು, ಸರ್?”

“ಏನೂ ಇಲ್ಲ. ಕಟ್ಟೆಮನೆಗೆ ನೇಯ್ದದ್ದಕ್ಕ ಕೂಲಿ ಇಲ್ಲ.”

“ಎಂಟು ತಿಂಗಳ ದುಡಿದಾನ. ದಾರದ ರೊಕ್ಕಾನೂ ಇಲ್ಲ?”

“ಇಲ್ಲ. ಜಮಖಾನೆ ಅಲ್ಲೇ ಇರತೈತಿ. ಜನ ಅದರ ಮ್ಯಾಲ ಕುಂತು ಎದ್ದು, ಅದು ಸವೆದು ಹರಿದ ಮ್ಯಾಲ ನೇಯ್ದವಗ ವಾಪಸ್ ಕೊಡತಾರ. ಅವನಿಗೆ ಸಲ್ಲೂದು ಅಷ್ಟ.”

ಕಸ್ತೂರಿಗೆ ಸಿಟ್ಟು ಬಂತು. “ಹರಕ ಜಮಖಾನೆ ತಗೊಂಡು ಅವ ಏನ್ ಮಾಡಬೇಕು?”

ಮಾಸ್ತರರು ಕನ್ನಡಕ ತೆಗೆದು ಧೋತರದ ಸೆರಗಿನಲ್ಲಿ ಒರೆಸಿದರು.

“ಹದಿನೆಂಟು ವರ್ಷದ ಮ್ಯಾಲ ಕೊಟ್ರು, ತಂಗಿ, ಸುತ್ತ ಎಲ್ಲಾ ದಾರ ಬಿಟ್ಟಿತ್ತು, ಕೊಡದ ಮ್ಯಾಲ ಮಾತ್ರ ಅಷ್ಟು ವರ್ಷದಾಗ ಒಬ್ಬರೂ ಕುಂತಿರಲಿಲ್ಲ.”